ಅರಶಿನದ ಲಕೋಟೆಗಳ ಮಳೆಗಾಲ

ಕಳೆದ ತಿಂಗಳು ಪಕ್ಕದ ಮನೆಯವರ ಮಗುವಿನ ಜೊತೆ ಕುಂದಾಪುರದ ಕಿವಿ ಪರೀಕ್ಷೆಯ ಕೇಂದ್ರಕ್ಕೆ ಹೋಗಿದ್ದೆ. ಮಗುವಿಗೆ ಹೊಸದಾಗಿ ಕಿವಿಯ ಮಿಷನ್ನು ಹಾಕಬೇಕಿತ್ತು. ಅದಕ್ಕೆ ಮೊದಲು ಕಿವಿಯ ಅಚ್ಚು ತೆಗೆಯಬೇಕು. ಅಲ್ಲಿದ್ದ ಹುಡುಗಿ ಎರಡು ಡಬ್ಬಿಗಳಿಂದ ಒಂದೊಂದು ಸಣ್ಣ ಉಂಡೆ ತೆಗೆದು, ಚಪಾತಿ ಹಿಟ್ಟಿನಂತೆ ಅಂಗೈಯಲ್ಲಿ ನಾದತೊಡಗಿದಳು. ಒಂದು ಗುಲಾಬಿ, ಒಂದು ಬಿಳಿ. ಎರಡೂ ಕಲೆಯುವಾಗ ಒಂದು ವಾಸನೆ ಏಳುತ್ತದೆ. ಹೊಸ ಹವಾಯಿ ಚಪ್ಪಲಿಯದೂ ಹಲ್ಲಿನ ಪೇಸ್ಟಿನದೂ ಸೇರಿದಂಥ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ನಾನು ಎರಡು ಸಾವಿರದ ನಾಲ್ಕನೆಯ ಇಸವಿಯ ಮಳೆಗಾಲದಲ್ಲಿದ್ದೆ.

ಆಗ ಕುಂದಾಪುರದಲ್ಲಿ ಇಂಥ ಕೇಂದ್ರ ಇರಲಿಲ್ಲ. ನಮಗಿದ್ದದ್ದು ಶನಿವಾರ. ಶನಿವಾರ ಬೆಳಿಗ್ಗೆ ಮಂಗಳೂರಿನ ಒಂದು ಕಾಲೇಜಿನ ಜೀಪು ಬರುತ್ತಿತ್ತು. ಮಾತು ಮತ್ತು ಕಿವಿಯ ಚಿಕಿತ್ಸೆ ಕಲಿಯುವ ನಾಲ್ಕೈದು ಹುಡುಗಿಯರು, ಅವರ ಜೊತೆ ಒಬ್ಬ ಟೀಚರ್. ಯುವಕ ಮಂಡಲದ ಹಾಲಿನಲ್ಲಿ ಚಾಪೆ ಹಾಸಿ, ಒಬ್ಬೊಬ್ಬ ಹುಡುಗಿ ಒಂದೊಂದು ಮಗುವನ್ನು ಮುಂದೆ ಕೂರಿಸಿಕೊಂಡು ಕೇಳಲು, ಮಾತಾಡಲು ಕಲಿಸುತ್ತಿದ್ದಳು. ಮಕ್ಕಳ ಕಿವಿಯ ಅಚ್ಚು ತೆಗೆಯುತ್ತಿದ್ದದ್ದೂ ಅಲ್ಲೇ. ಬೈಂದೂರಿನಿಂದ ಮೊದಲ ಬಸ್ಸಿಗೆ ತಾಯಂದಿರು ಬರುತ್ತಿದ್ದರು. ಕೋಟದಿಂದ, ಬಾರ್ಕೂರಿನಿಂದಲೂ ಬರುತ್ತಿದ್ದರು. ನಾನು ಕೋಟೇಶ್ವರದಿಂದ ನನ್ನ ಮಗಳು ಪೂರ್ಣಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಪೂರ್ಣಿಗೆ ಆಗ ಏಳು ವರ್ಷ. ಅವಳ ಮಾತು ಆಗಲೇ ಒಂದು ದಾರಿಗೆ ಬಂದಿತ್ತು. ಕೇಳದವರಿಗೂ ಕರೆದು ಕರೆದು ಮಾತಾಡುತ್ತಿದ್ದಳು.

ಆ ಹಾಲಿಗೆ ತಗಡಿನ ಮಾಡು. ಮಳೆ ಜೋರಾದರೆ ನಮಗೇ ಒಬ್ಬರ ಮಾತು ಒಬ್ಬರಿಗೆ ಕೇಳದು. ಮಿಷನ್ನು ಹಾಕಿದ ಮಕ್ಕಳಿಗಂತೂ ತಲೆಯ ಮೇಲೆ ಯಾರೋ ಪಾತ್ರೆ ಬಡಿದಂತೆ. ಕಿತ್ತು ಕಿತ್ತು ತೆಗೆಯುತ್ತಿದ್ದವು. ಮಳೆ ಇಳಿಯುವವರೆಗೆ ಹುಡುಗಿಯರು ಮಕ್ಕಳಿಗೆ ಬಣ್ಣದ ಕಡ್ಡಿ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಅವರ ಚೂಡಿದಾರದ ಅಂಚು ಯಾವಾಗಲೂ ಮೊಣಕಾಲಿನವರೆಗೆ ಒದ್ದೆ. ಮಿಷನ್ನಿಗೆ ನೀರಿನ ಪಸೆ ತಾಗಬಾರದೆಂದು ನಾವೆಲ್ಲ ಮನೆಯಲ್ಲಿ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದೆವು.

"ನಮ್ಮನೇಲ್ ಉಂಬುಕಿಪ್ಪ ಅಕ್ಕಿಗಿಂತ ಕಿವಿ ಅಕ್ಕಿಗೇ ಮರ್ಯಾದಿ ಹೆಚ್ಚ್," ಎನ್ನುತ್ತಿದ್ದಳು ಜಲಜಕ್ಕ. "ಗಂಡ ಆ ಡಬ್ಬಿ ಮುಟ್ರೆ ನಾ ಬೈತೆ."

ಜಲಜಕ್ಕ ಗಂಗೊಳ್ಳಿಯವಳು, ಮೀನು ಮಾರುವವಳು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದ ದಿನಗಳಲ್ಲಿ ಒಣಮೀನು ಹೊತ್ತು ತಿರುಗುತ್ತಿದ್ದಳು. ಹಾಲಿಗೆ ಬರುವಾಗ ಬುಟ್ಟಿಯನ್ನು ಹೊರಗಿನ ಜಗಲಿಯಲ್ಲಿಟ್ಟು, ಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಒಳಗೆ ಬರುವ ಅವಳ ಠೀವಿ ನನಗೆ ಇಷ್ಟ. ಅವಳು ನನ್ನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. 'ಪೂರ್ಣಿ ಅಬ್ಬಿ' ಎಂದರೆ ಪೂರ್ಣಿಯ ಅಮ್ಮ. ಆ ಹಾಲಿನಲ್ಲಿ ನಾವೆಲ್ಲ ಮಕ್ಕಳ ಹೆಸರಿನಿಂದಲೇ ಗುರುತಾಗುತ್ತಿದ್ದವರು.

ಅವಳ ಮಗಳು ಸುಗಂಧಿಗೆ ನಾಲ್ಕು ವರ್ಷ. ಮಿಷನ್ನು ಹಾಕಿ ಒಂದು ವರ್ಷವಾಗಿತ್ತಷ್ಟೆ. ಆ ಬೇಸಗೆಯಲ್ಲಿ ಮೊದಲ ಬಾರಿ ಅವಳು 'ಅಬ್ಬಿ' ಎಂದಿದ್ದಳು, ಅದೂ ತುಟಿ ನೋಡಿಕೊಂಡು. ಬೆನ್ನ ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಟೀಚರ್ ಜಲಜಕ್ಕನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಈ ಒಂದೆರಡು ವರ್ಷ ಬಿಡದೆ ಕಲಿಸಿದರೆ ಮಗು ಕೇಳಿಸಿಕೊಂಡು ಮಾತಾಡುತ್ತದೆ, ಈ ವಯಸ್ಸು ದಾಟಿದ ಮೇಲೆ ತುಂಬ ಕಷ್ಟ ಎಂದು. ಜಲಜಕ್ಕ ಅದನ್ನು ಕೇಳಿ ಮಗುವಿನ ಜಡೆ ಬಿಚ್ಚಿ ಮತ್ತೆ ಹೆಣೆದಿದ್ದಳು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಎರಡು ಶನಿವಾರ ಜೀಪು ಬರಲಿಲ್ಲ. ಮಳೆಯೆಂದುಕೊಂಡೆವು. ಮೂರನೆಯ ಶನಿವಾರ ಟೀಚರ್ ನಮ್ಮ ಮನೆಗೆ ಫೋನ್ ಮಾಡಿದರು. ಇಂಥ ಕೋರ್ಸುಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವ ಒಂದು ಮಂಡಳಿ ಇದೆಯಂತೆ. ಕಾಲೇಜಿನ ಒಳಗಿನ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದ ಗಂಟೆಗಳನ್ನು ಮಾತ್ರ ಅದು ತರಬೇತಿ ಎಂದು ಲೆಕ್ಕಕ್ಕೆ ಹಿಡಿಯುತ್ತದಂತೆ. ಕುಂದಾಪುರದ ಚಾಪೆಯ ಮೇಲೆ ಕಳೆದ ಗಂಟೆಗಳಿಗೆ ಬೆಲೆಯಿಲ್ಲ. ಹುಡುಗಿಯರಿಗೆ ಕೋರ್ಸು ಮುಗಿಯಬೇಕಲ್ಲ. ಕಾಲೇಜು ಜೀಪು ನಿಲ್ಲಿಸಿತು. ಬೇಕಾದವರು ಮಂಗಳೂರಿಗೆ ಬರಬಹುದು ಎಂದರು. ಗಂಗೊಳ್ಳಿಯಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಜಲಜಕ್ಕನಿಗೆ ಒಂದು ಇಡೀ ದಿನದ ವ್ಯಾಪಾರ ಹೋಯಿತು. ಎಷ್ಟು ವಾರ ಹೋದಾಳು?

"ಶಾಲಿನಿಯವರೇ, ಇನ್ನೊಂದು ವಿಷಯ," ಎಂದರು ಟೀಚರ್, ಫೋನ್ ಇಡುವ ಮೊದಲು. "ಆ ಮಂಡಳಿಯಲ್ಲಿ ಈ ವರ್ಷ ಮೊದಲ ಬಾರಿಗೆ ನಮ್ಮ ಭಾಗದ ತಂದೆತಾಯಿಗಳಿಗೆ ಒಂದು ಸ್ಥಾನ ಇಟ್ಟಿದ್ದಾರೆ. ನಿಮ್ಮಂಥ ಪೋಷಕರ ಸಂಘಗಳ ಸದಸ್ಯರು ಅಂಚೆಯಲ್ಲಿ ಓಟು ಹಾಕಿ ಆರಿಸಬೇಕು. ನೀವು ನಿಲ್ಲಿ. ಅಲ್ಲಿ ಕೂತು ಕೇಳಿದರೆ ಈ ನಿಯಮ ಬದಲಾಗಬಹುದು. ಹೊರಗೆ ನಿಂತು ಕೇಳಿದರೆ ಆಗಲ್ಲ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೈ ಎತ್ತಿ, ಹೆಸರು ಕರೆದ ಮೇಲೆ ಮಾತ್ರ ಮಾತಾಡಬೇಕೆಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಕರೆದ ಮೇಲೆ ನೆಟ್ಟಗೆ ನಿಂತು, ಕೊನೆಯ ಬೆಂಚಿಗೆ ಕೇಳುವಂತೆ ಹೇಳಬೇಕೆಂದೂ ಕಲಿಸಿದ್ದರು. ಮದುವೆಯಾದ ಮೇಲೆ ಮೊದಲನೆಯ ಪಾಠ ಮಾತ್ರ ಉಪಯೋಗಕ್ಕೆ ಬಂದಿತ್ತು. ಈಗ ಹೆಸರು ಕರೆದಿದ್ದರು. ನಾನು ಅರ್ಜಿ ಹಾಕಿದೆ.

ಇನ್ನೊಂದು ಅರ್ಜಿ ಬ್ರಹ್ಮಾವರದ ಹೆಬ್ಬಾರ್ ಮಾಸ್ಟರದ್ದು. ನಿವೃತ್ತ ಹೆಡ್‌ಮಾಸ್ಟರು, ಅಲ್ಲಿನ ಪೋಷಕರ ಸಂಘದ ಅಧ್ಯಕ್ಷರು, ಎಲ್ಲರ ಗೌರವಕ್ಕೂ ಪಾತ್ರರಾದವರು. ಅವರ ಮೊಮ್ಮಗನಿಗೆ ಮಿಷನ್ನು ಇತ್ತು, ಆದರೆ ಆ ಹುಡುಗ ಮಂಗಳೂರಿನಲ್ಲೇ ಇದ್ದ, ಅಲ್ಲೇ ಕಲಿಯುತ್ತಿದ್ದ. ಸೊಸೈಟಿಗೆ, ಶಾಲೆಯ ಸಮಿತಿಗೆ, ಸಂಘಕ್ಕೆ, ಎಲ್ಲ ಕಡೆಗೂ ಹೆಬ್ಬಾರರು ಅವಿರೋಧವಾಗಿಯೇ ಆಯ್ಕೆಯಾದವರು. ನಮ್ಮ ಕಡೆ ಸಂಘ ಸಂಸ್ಥೆಗಳಲ್ಲಿ ಓಟು ನಡೆಯುವುದೆಂದರೆ ಮದುವೆ ಮನೆಯಲ್ಲಿ ಜಗಳವಾದಂತೆ. ಎರಡು ಹೆಸರು ಬಂದರೆ ಹಿರಿಯರು ಕಾಫಿ ಕುಡಿಯುತ್ತ ಕೂತು ಒಬ್ಬರನ್ನು ಹಿಂದೆ ಸರಿಸುತ್ತಾರೆ. ಮುಂದಿನ ಸಭೆಯಲ್ಲಿ ಹಿಂದೆ ಸರಿದವರಿಗೆ ಶಾಲು, ಹಣ್ಣಿನ ತಟ್ಟೆ, ಆಯ್ಕೆಯಾದವರಿಗಿಂತ ಉದ್ದದ ಹೊಗಳಿಕೆ.

ಆದ್ದರಿಂದ ಒಂದು ಮಧ್ಯಾಹ್ನ ಹೆಬ್ಬಾರರು ತಮ್ಮ ಹೆಂಡತಿ ಸುಮತಿಯಮ್ಮನ ಜೊತೆ ನಮ್ಮ ಮನೆಯ ಮೆಟ್ಟಿಲಲ್ಲಿ ಕೊಡೆ ಮಡಚಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನನ್ನ ಗಂಡ ಪಂಪ್‌ಸೆಟ್ಟಿನ ಬಿಡಿಭಾಗದ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದವರು ಕುರ್ಚಿ ಒರೆಸಿ ಕೊಟ್ಟರು. ಹೆಬ್ಬಾರರು ಮಳೆಯ ವಿಷಯ, ಗದ್ದೆಯ ವಿಷಯ ಮಾತಾಡಿದರು. ಕಾಫಿ ಅರ್ಧವಾದ ಮೇಲೆ ಲೋಟ ಕೆಳಗಿಟ್ಟರು.

"ಶಾಲಿನಿ, ನಾವು ನಾವೇ ಅಲ್ವಾ. ಈ ಓಟು ಗೀಟು ಎಲ್ಲ ಯಾಕೆ? ನೀವು ಹಿಂದೆ ತಕೊಂಡ್ರೆ ಅವಿರೋಧ ಆಗ್ತದೆ. ನೋಡ್ಲಿಕ್ಕೂ ಚಂದ."

"ನೀವು ಹಿಂದೆ ತಕೊಂಡ್ರೂ ಅವಿರೋಧವೇ ಆಗ್ತದಲ್ಲ ಸರ್," ಎಂದೆ.

ಸುಮತಿಯಮ್ಮ ಕಾಫಿ ಲೋಟದೊಳಗೆ ನಕ್ಕರು. ನನ್ನ ಗಂಡ ಕಿಟಕಿಯಾಚೆ ಮಳೆಯನ್ನು ಬಹಳ ಗಮನವಿಟ್ಟು ನೋಡತೊಡಗಿದರು.

"ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡ್ಬೇಕು," ಎಂದರು ಹೆಬ್ಬಾರರು.

"ಸಿಸ್ಟರುಗಳು ಅದೊಂದನ್ನು ಚೆನ್ನಾಗಿ ಕಲಿಸಿದ್ದಾರೆ ಸರ್."

"ಊರೂರು ತಿರುಗ್ಬೇಕು. ಮನೆ ಯಾರು ನೋಡುದು?"

"ಅನ್ನ ನಾ ಮಾಡ್ತೆ ಮಾಸ್ಟ್ರೆ," ಎಂದರು ನನ್ನ ಗಂಡ, ಮಳೆಯಿಂದ ಕಣ್ಣು ತೆಗೆಯದೆ. "ಸಾರ್ ಬತ್ತಿಲ್ಲೆ. ಅದ್ ಪಕ್ಕದ್ಮನೆಯಿಂದ ತಕಂಡ್ ಬಪ್ಪುದ್."

ನನಗೆ ಕೇಳಬೇಕಾದದ್ದು ಒಂದೇ ಇತ್ತು. "ಸರ್, ನೀವೇ ಹೋದಿರಿ ಅಂತ ಇಟ್ಕೊಳ್ಳಿ. ನಮ್ಮ ಶನಿವಾರದ ವಿಷಯ ಅಲ್ಲಿ ಕೇಳ್ತೀರಾ?"

ಹೆಬ್ಬಾರರು ಸುಳ್ಳು ಹೇಳುವವರಲ್ಲ. "ಹೋದ ಕೂಡ್ಲೇ ಅದು ಕೊಡಿ ಇದು ಕೊಡಿ ಅಂದ್ರೆ ಚಂದ ಅಲ್ಲ. ಮೊದ್ಲು ಅವರ ಪರಿಚಯ ಆಗ್ಬೇಕು. ನಿಧಾನಕ್ಕೆ ಕೇಳುವ, ಎರಡು ಮೂರು ವರ್ಷದಲ್ಲಿ."

ಎರಡು ಮೂರು ವರ್ಷದಲ್ಲಿ ಸುಗಂಧಿಗೆ ಏಳಾಗುತ್ತದೆ. ನಾನು ಅವರ ಖಾಲಿ ಲೋಟ ತೆಗೆದುಕೊಂಡೆ. "ಹಾಗಾದ್ರೆ ಓಟೇ ಆಗ್ಲಿ ಸರ್. ಯಾರು ಗೆದ್ರೂ ನಿಮ್ಮ ಮನೆಗೆ ಬಂದು ಕಾಫಿ ಕುಡೀತೇನೆ," ಎಂದೆ. ಹೆಬ್ಬಾರರು ಎದ್ದರು. ಕೋಪವಿರಲಿಲ್ಲ. ಕ್ಲಾಸಿನಲ್ಲಿ ಮೆತ್ತಗಿನ ಹುಡುಗಿ ಎದ್ದು ನಿಂತು ಲೆಕ್ಕ ತಪ್ಪಿದೆ ಸರ್ ಎಂದಾಗ ಮೇಷ್ಟ್ರು ನೋಡುವ ಹಾಗೆ ನನ್ನನ್ನು ನೋಡಿ ಹೊರಟರು.

ಆಮೇಲಿನ ವಾರಗಳಲ್ಲಿ ನಾನು ಅಷ್ಟು ಬಸ್ಸು ಹತ್ತಿ ಇಳಿದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬೈಂದೂರಿನಲ್ಲಿ ಒಬ್ಬರ ಮನೆಯ ಚಾವಡಿಯಲ್ಲಿ ತಾಯಂದಿರು ಸೇರಿದ್ದರು. ಜಲಜಕ್ಕನೂ ನನ್ನ ಜೊತೆ ಬಂದಿದ್ದಳು. ನಾನು ಎದ್ದು ನಿಂತು, ಕೈ ಹಿಂದೆ ಕಟ್ಟಿ, "ಎಲ್ಲರಿಗೂ ನನ್ನ ವಂದನೆಗಳು," ಎಂದು ಆರಂಭಿಸಿ, ಮಂಡಳಿ ಎಂದರೇನು, ಅದು ಯಾಕೆ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ, ಅದರಲ್ಲಿ ನಮ್ಮವರೊಬ್ಬರು ಇದ್ದರೆ ಏನು ಎಂಬುದನ್ನೆಲ್ಲ ಕ್ರಮವಾಗಿ ಹೇಳಿ ಕೂತೆ. ಎದುರಿಗಿದ್ದವಳು ಮಗುವಿನ ಮೂಗು ಒರೆಸಿದಳು.

"ಶಾಲೆ ಮಕ್ಳ್ ಪದ್ಯ ಒಪ್ಸಿದಂಗಾಯ್ತ್," ಎಂದಳು ಜಲಜಕ್ಕ. ಆಮೇಲೆ ಅವರ ಕಡೆ ತಿರುಗಿ, "ಎಂತ ಗೊತ್ತಿತ್ತಾ ಹೆಣೆ, ಈ ಪೂರ್ಣಿ ಅಬ್ಬಿ ಅಲ್ಲಿಗ್ ಹೋರೆ ಜೀಪ್ ಬತ್ತ್. ಹೋಯ್ದಿರೆ ಬತ್ತಿಲ್ಲೆ. ಅಷ್ಟೇ," ಎಂದಳು.

ಚಾವಡಿಯಲ್ಲಿ ಒಮ್ಮೆಲೇ ಗಲಗಲ ಮಾತು ಶುರುವಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ, ಮುಂದಿನ ಊರಿನಲ್ಲಿ ನನ್ನ ಭಾಷಣಕ್ಕೆ ಮೊದಲೇ ಅವಳು ಮಾತಾಡಬೇಕೆಂದು ಕೇಳಿಕೊಂಡೆ. "ನಿಮ್ದ್ ಬ್ಯಾಡ್ದೇ ಬ್ಯಾಡ್ದಾ ಹಂಗಾರೆ?" ಎಂದಳು. ಬೇಕು, ಇಂಗ್ಲಿಷು ಬರುವವರೂ ಇರುತ್ತಾರೆ ಎಂದೆ.

ಆಸಾಡಿ ತಿಂಗಳು ಕಳೆದು ಓಟಿನ ಕಾಗದಗಳು ಅಂಚೆಯಲ್ಲಿ ಬಂದವು. ಕ್ರಮ ಸುಲಭ. ಕಾಗದದಲ್ಲಿ ಒಂದು ಹೆಸರಿನ ಮುಂದೆ ಗೀಟು ಹಾಕಿ, ಸಣ್ಣ ಬಿಳಿ ಕವರಿನಲ್ಲಿಟ್ಟು ಅಂಟಿಸಬೇಕು. ಅದನ್ನು ದೊಡ್ಡ ಕಂದು ಕವರಿನಲ್ಲಿಟ್ಟು, ಅದರ ಹಿಂದೆ ಸಹಿ ಮಾಡಿ ಕಳಿಸಬೇಕು. ಜೀಪು ಬರದಿದ್ದರೂ ನಾವು ಶನಿವಾರ ಹಾಲಿನಲ್ಲಿ ಸೇರುವುದನ್ನು ಬಿಟ್ಟಿರಲಿಲ್ಲ. ಪೂರ್ಣಿಯ ಪಾಠದಲ್ಲಿ ನೋಡಿ ಕಲಿತದ್ದನ್ನು ನಾನೇ ಸುಗಂಧಿಗೆ, ಇತರ ಸಣ್ಣ ಮಕ್ಕಳಿಗೆ ಆಗುವಷ್ಟು ಮಾಡಿಸುತ್ತಿದ್ದೆ. ಅದು ಟೀಚರ್ ಮಾಡಿದ ಹಾಗೆ ಹೇಗಾಗುತ್ತದೆ? ಮಗು ನನ್ನ ತುಟಿಯನ್ನೇ ನೋಡುತ್ತಿತ್ತು.

ಆ ಶನಿವಾರ ಎಲ್ಲರೂ ಕವರು ತಂದಿದ್ದರು. ಒಬ್ಬೊಬ್ಬರಾಗಿ ಕರಿಹಲಗೆಯ ಹಿಂದೆ ಹೋಗಿ ಗೀಟು ಹಾಕಿ, ಬಿಳಿ ಕವರು ಅಂಟಿಸಿ ಬಂದರು. ಕಂದು ಕವರಿಗೆ ಹಾಕುವ ಹೊತ್ತಿಗೆ ಜಲಜಕ್ಕ ತಡೆದಳು.

"ನಿಲ್ಲಿ, ನಿಲ್ಲಿ. ಒಳ್ಳೆ ಕೆಲ್ಸದ್ ಕಾಗ್ದ, ಹೀಂಗೇ ಬೋಳ್ ಕಳ್ಸುದಾ? ಸತ್ತ ಸುದ್ದಿ ಕಳ್ಸಿದಂಗೆ ಕಾಣ್ತ್."

ಸೊಂಟದ ಚೀಲದಿಂದ ಅರಶಿನದ ಪೊಟ್ಟಣ ತೆಗೆದಳು. ಒಬ್ಬರು ಬಾಟಲಿಯಿಂದ ನೀರು ಹನಿಸಿದರು. ಮದುವೆ ಕಾಗದಕ್ಕೆ ಹಚ್ಚುವ ಹಾಗೆ ಪ್ರತಿ ಬಿಳಿ ಕವರಿನ ನಾಲ್ಕೂ ಮೂಲೆಗೆ ಬೆರಳಲ್ಲಿ ಅರಶಿನ ಮುಟ್ಟಿಸಿದರು. ನನ್ನದಕ್ಕೂ. ನನಗೆ ಅದು ಸರಿಯೆಂದೇ ಕಂಡಿತು. ಬರಿಯ ಮೂಲೆಯ ಕಾಗದವನ್ನು ಶುಭಕ್ಕೆ ಕಳಿಸುವುದು ನಾನೂ ಕಂಡದ್ದಲ್ಲ. ಕವರುಗಳು ಒಣಗಲೆಂದು ಮಕ್ಕಳ ಚಾಪೆಯ ಮೇಲೆ ಹರಡಿದ್ದು, ಗಾಳಿಗೆ ಹಾರದಂತೆ ಅವುಗಳ ಮೇಲೆ ಚಪ್ಪಲಿ ಇಡಲು ಹೋದವರಿಗೆ ಜಲಜಕ್ಕ ಬೈದದ್ದು ನೆನಪಿದೆ.

ಅಭ್ಯರ್ಥಿಗಳಿಬ್ಬರೂ ಈ ಕಡೆಯವರೇ ಆದ್ದರಿಂದ ಎಣಿಕೆಯನ್ನು ಬ್ರಹ್ಮಾವರದಲ್ಲೇ ಇಟ್ಟರು, ಒಂದು ಭಾನುವಾರ, ಶಾಲೆಯ ಕೋಣೆಯಲ್ಲಿ. ಚುನಾವಣಾಧಿಕಾರಿಯಾಗಿ ಬಂದವರು ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕಿ. ಕುತ್ತಿಗೆಯಲ್ಲಿ ಕನ್ನಡಕದ ದಾರ, ಇಸ್ತ್ರಿ ಮಾಡಿದ ಖಾದಿ ಸೀರೆ. ಹೆಬ್ಬಾರರೂ ಸುಮತಿಯಮ್ಮನೂ ಎದುರಿನ ಬೆಂಚಿನಲ್ಲಿ. ನನ್ನ ಜೊತೆ ಜಲಜಕ್ಕ.

ಮೇಡಂ ಮೊದಲು ಕಂದು ಕವರುಗಳ ಸಹಿ ನೋಡಿ, ಒಡೆದು, ಒಳಗಿನ ಬಿಳಿ ಕವರುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಕಲೆಸಿದರು. ಕಲೆಸಿ ಮುಗಿಸಿ ಕೈ ನೋಡಿಕೊಂಡರು. ಬೆರಳ ತುದಿಗಳು ಹಳದಿ.

"ಇದೇನ್ರೀ ಇದು?"

"ಅರ್ಶಿನ ಅಮ್ಮ," ಎಂದಳು ಜಲಜಕ್ಕ, ಸಂತೋಷದಿಂದ. "ಒಳ್ಳೆದಾಯ್ಲಿ ಅಂದೇಳಿ."

ಮೇಡಂ ನಗಲಿಲ್ಲ. ನಿಯಮದ ಹಾಳೆ ತೆಗೆದು ಕನ್ನಡಕ ಏರಿಸಿ ಓದಿದರು. ಒಳಗಿನ ಕವರಿನ ಮೇಲೆ ಯಾವುದೇ ಗುರುತು ಇದ್ದರೆ ಅದನ್ನು ಒಡೆಯದೆ ತಿರಸ್ಕರಿಸತಕ್ಕದ್ದು. "ಯಾರ ಓಟು ಯಾರದು ಅಂತ ತಿಳೀಬಾರದು, ಅದಕ್ಕೆ ಈ ನಿಯಮ," ಎಂದು ವಿವರಿಸಿ, ಬುಟ್ಟಿಯಿಂದ ಕವರುಗಳನ್ನು ಎರಡು ಮಾಡಿದರು. ಹಳದಿ ಮೂಲೆಯವು ಒಂದು ಕಡೆ, ಬರಿಯವು ಇನ್ನೊಂದು ಕಡೆ. ಹಳದಿಯ ರಾಶಿ ಬೆಳೆಯುತ್ತ ಹೋಯಿತು. ಬರಿಯವು ಸ್ವಲ್ಪವೇ. ಅವು ಮಂಗಳೂರಿನ ಪೇಟೆಯವರವು, ಹೆಬ್ಬಾರರನ್ನು ಬಲ್ಲವರವು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಳದಿ ರಾಶಿ ಕಸದ ಬುಟ್ಟಿಗೆ ಹೋದರೆ ಚುನಾವಣೆ ಅಲ್ಲಿಗೇ ಮುಗಿಯಿತು. ಶನಿವಾರವೂ ಮುಗಿಯಿತು. ಜಲಜಕ್ಕ ತನ್ನ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿಯಮ ಅಂದ್ಮೇಲೆ ನಿಯಮ ಮೇಡಂ," ಎಂದರು ಹೆಬ್ಬಾರರು, ಮೆಲ್ಲಗೆ. ರಾಶಿ ತಿರುಗುಮುರುಗಾಗಿದ್ದರೂ ಅವರು ಅದನ್ನೇ ಹೇಳುತ್ತಿದ್ದರು, ಅದು ನನಗೆ ಗೊತ್ತು.

ನಾನು ಕೈ ಎತ್ತಲಿಲ್ಲ. ಎದ್ದು ನಿಂತೆ.

"ಮೇಡಂ, ಯಾರ ಓಟು ಯಾರದು ಅಂತ ತಿಳೀಬಾರದು ಅಂತ ನಿಯಮ, ನೀವೇ ಹೇಳಿದ್ರಿ. ಆ ರಾಶಿಯಿಂದ ಯಾವುದಾದ್ರೂ ಒಂದು ತೆಗೀರಿ. ಯಾರದು ಅಂತ ಹೇಳಿ."

"ನಿಮ್ಮ ಊರಿನವರು ನನಗೆ ಗೊತ್ತೇ ಇಲ್ವಲ್ಲಮ್ಮ."

"ನನಗೆ ಎಲ್ರೂ ಗೊತ್ತು. ಹಚ್ಚುವಾಗ ನಾನೂ ಅಲ್ಲೇ ಇದ್ದೆ. ಈಗ ನನ್ನ ಕವರು ಯಾವುದು ಅಂತ ನನಗೇ ಹೇಳ್ಲಿಕ್ಕೆ ಆಗುದಿಲ್ಲ. ಒಬ್ಬರೇ ಹಚ್ಚಿದ್ರೆ ಸರಿ, ತಿಳೀತಿತ್ತು. ಊರೇ ಹಚ್ಚಿದೆ."

ಮೇಡಂ ಒಂದು ಕವರನ್ನು ತಿರುಗಿಸಿ ನೋಡಿದರು. "ಯಾರದು ಅಂತ ತಿಳೀದಿದ್ರೂ ಯಾವ ಕಡೆಯವರದು ಅಂತ ತಿಳಿಯುತ್ತಲ್ಲ?"

"ನಿಂತಿರುವ ಇಬ್ರೂ ಅದೇ ಕಡೆಯವರು ಮೇಡಂ. ಒಳಗೆ ಯಾರ ಹೆಸರಿದೆ ಅಂತ ನನಗೂ ಗೊತ್ತಿಲ್ಲ, ಸರ್‌ಗೂ ಗೊತ್ತಿಲ್ಲ. ಬಾರ್ಕೂರು, ಕೋಟದಲ್ಲಿ ಅರ್ಧ ಜನ ಅವರ ಹತ್ರವೇ ಓದಿದವರು. ನನ್ನದು ಅಂತ ಕೇಳ್ತಾ ಇಲ್ಲ, ಎಲ್ಲ ಒಡೀರಿ ಅಂತ ಕೇಳ್ತಾ ಇದ್ದೇನೆ."

ನನ್ನ ದನಿ ಕೊನೆಯ ಬೆಂಚಿಗೆ ಮಾತ್ರವಲ್ಲ, ಹೊರಗಿನ ಜಗಲಿಗೂ ಕೇಳಿತಂತೆ. ಆಮೇಲೆ ಹೇಳಿದರು.

ಆಗ ಸುಮತಿಯಮ್ಮ ಕೊಡೆಯ ಹಿಡಿಯನ್ನು ತಿರುಗಿಸುತ್ತ, "ನಮ್ಮ ಮನೆಯದ್ದೂ ಅದ್ರಲ್ಲೇ ಉಂಟು," ಎಂದರು.

ಹೆಬ್ಬಾರರು ಹೆಂಡತಿಯ ಕಡೆ ತಿರುಗಿದರು. "ಎಂಥದ್ದು?"

"ನೀವು ಕವರು ಅಂಟಿಸಿ ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋದ್ರಿ. ನಾನು ನನ್ನದಕ್ಕೂ ನಿಮ್ಮದಕ್ಕೂ ಹಚ್ಚಿದೆ. ಗಂಡ ಓಟಿಗೆ ನಿಂತದ್ದು ಮೊದ್ಲ ಸಲ, ಹಾಗೇ ಕಳಿಸ್ಲಿಕ್ಕೆ ಆಗ್ತದಾ?"

ಹೆಬ್ಬಾರರು ಎದ್ದು ಮೇಜಿನ ಹತ್ತಿರ ಹೋದರು. ಹಳದಿ ರಾಶಿಯಿಂದ ಒಂದು ಕವರು ಎತ್ತಿ ನೋಡಿದರು, ಇಟ್ಟರು. ಇನ್ನೊಂದು ಎತ್ತಿದರು. ನಾಲ್ಕೈದು ನೋಡಿದ ಮೇಲೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು.

"ನನ್ನ ಓಟು ಯಾವುದು ಅಂತ ನನಗೇ ತಿಳಿಯುದಿಲ್ಲ ಮೇಡಂ," ಎಂದರು. "ಶಾಲಿನಿ ಹೇಳಿದ್ದು ಸರಿ ಉಂಟು. ಎಲ್ಲ ಒಡೀರಿ."

ಇಬ್ಬರೂ ಒಪ್ಪಿದ್ದೇವೆಂದು ಮೇಡಂ ಬರೆಸಿಕೊಂಡು ಸಹಿ ಹಾಕಿಸಿದರು. ಆಮೇಲೆ ಒಡೆದರು. ಹಳದಿ ಮೂಲೆಯ ಕವರುಗಳಲ್ಲಿ ಹೆಬ್ಬಾರರ ಹೆಸರಿನವೂ ಧಾರಾಳ ಬಂದವು. ಒಂದೊಂದು ಬಂದಾಗಲೂ ಜಲಜಕ್ಕ, ಯಾರಿರಬಹುದೆಂದು ಲೆಕ್ಕ ಹಾಕುವವಳಂ‍ತೆ ಕಣ್ಣು ಕಿರಿದು ಮಾಡುತ್ತಿದ್ದಳು. ನಾನು ಗೆದ್ದೆ. ದೊಡ್ಡ ಅಂತರದಿಂದೇನಲ್ಲ, ಗೆದ್ದೆ.

ಹೆಬ್ಬಾರರು ನನಗೆ ಕೈ ಮುಗಿದು, ಬೆಂಚಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಹೊಸ ಶಾಲು. "ಸೋತವರಿಗೆ ಹಾಕುವ ಅಂತ ತಂದಿದ್ದೆ," ಎಂದರು. "ಈಗ ಎಂತ ಮಾಡುದು?"

"ನೀವೇ ಹೊದ್ಕಣಿ ಮಾಸ್ಟ್ರೆ," ಎಂದಳು ಜಲಜಕ್ಕ. "ಮಳಿ ಇತ್ತಲ್ದಾ, ಚಳಿ ಆತ್ತ್."

ಸುಮತಿಯಮ್ಮ ಶಾಲು ಬಿಡಿಸಿ ಗಂಡನ ಹೆಗಲಿಗೆ ಹಾಕಿದರು. ಅಂದೇ ಅವರ ಮನೆಯಲ್ಲಿ ಕಾಫಿ ಕುಡಿದೆವು. ಜಲಜಕ್ಕನಿಗೂ ಅದೇ ಸಾಲಿನಲ್ಲಿ ಕುರ್ಚಿ ಹಾಕಿದರು, ಅದನ್ನು ನಾನು ಗಮನಿಸಿದೆ.

ಮಂಡಳಿಯ ಮೊದಲ ಸಭೆಗೆ ಎರಡು ರೈಲು ಬದಲಿಸಿ ಹೋಗಬೇಕಿತ್ತು. ಉದ್ದದ ಮೇಜು, ಸುತ್ತ ಎಲ್ಲರೂ ಡಾಕ್ಟರುಗಳು, ಪ್ರೊಫೆಸರುಗಳು. ನನ್ನ ವಿಷಯ ಪಟ್ಟಿಯ ಕೊನೆಗಿತ್ತು. ನಾನು ಹೇಳಿದ್ದನ್ನು ಕೇಳಿ ಒಬ್ಬ ಹಿರಿಯರು, ತಗಡಿನ ಮಾಡಿನ ಕೆಳಗೆ, ಅಷ್ಟು ಗದ್ದಲದಲ್ಲಿ ಮಾಡಿದ್ದನ್ನು ತರಬೇತಿ ಎನ್ನುವುದು ಹೇಗೆ ಎಂದು ಕೇಳಿದರು. ಒರಟಾಗಿ ಅಲ್ಲ, ನಿಜವಾಗಿಯೇ ಕೇಳಿದರು. ನಮ್ಮ ಮಕ್ಕಳು ಬದುಕುವುದು ಅದೇ ಗದ್ದಲದಲ್ಲಿ, ಸದ್ದಿಲ್ಲದ ಕೋಣೆಯಲ್ಲಿ ಕೇಳಲು ಕಲಿತ ಮಗು ಬಸ್‌ಸ್ಟ್ಯಾಂಡಿನಲ್ಲಿ ಏನು ಮಾಡಬೇಕು, ಸದ್ದಿಲ್ಲದ ಕೋಣೆಯಲ್ಲಿ ಮಾತ್ರ ಕಲಿಸಲು ಬರುವ ಹುಡುಗಿ ಆ ಮಗುವಿಗೆ ಏನು ಹೇಳಿಕೊಡಬೇಕು ಎಂದು ನಾನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಅಂದು ಏನೂ ತೀರ್ಮಾನವಾಗಲಿಲ್ಲ. ಮುಂದಿನ ಸಭೆಯಲ್ಲಿ ಅವರೇ ವಿಷಯ ಎತ್ತಿದರು. ಜೊತೆಗೆ ಟೀಚರ್ ಇದ್ದರೆ ಊರೂರುಗಳಲ್ಲಿ ಮಾಡಿದ ಕೆಲಸದ ಗಂಟೆಗಳನ್ನೂ ಒಂದು ಮಿತಿಯವರೆಗೆ ಲೆಕ್ಕಕ್ಕೆ ಹಿಡಿಯಬಹುದು ಎಂದಾಯಿತು.

ಮುಂದಿನ ಜೂನಿಗೆ ಜೀಪು ಬಂತು. ಹೊಸ ಹುಡುಗಿಯರು, ಹಳೆಯ ಟೀಚರ್. ಸುಗಂಧಿಗೆ ಐದು ತುಂಬಿತ್ತು. ಒಂದು ವರ್ಷ ಹಿಂದೆ ಬಿದ್ದಿದ್ದೇವೆ, ಆದರೂ ಹೊತ್ತು ಮೀರಿಲ್ಲ ಎಂದರು ಟೀಚರ್. ಮೊದಲ ಕೆಲವು ವಾರ ಏನೂ ಕಾಣಲಿಲ್ಲ. ಹುಡುಗಿ ತುಟಿಗೆ ರಟ್ಟು ಅಡ್ಡ ಹಿಡಿದು 'ಬ' ಅಂದರೆ ಸುಗಂಧಿ ರಟ್ಟನ್ನೇ ಕಿತ್ತು ಎಸೆಯುತ್ತಿದ್ದಳು. ಮಳೆ ಬಂದಾಗ ಮಿಷನ್ನನ್ನೂ. ಜಲಜಕ್ಕ ಗೋಡೆಗೆ ಒರಗಿ ಕೂತು, ಎಲ್ಲರ ಮಕ್ಕಳ ಬಗ್ಗೆಯೂ ತಮಾಷೆ ಮಾಡುತ್ತ, ತನ್ನ ಮಗಳ ಕಡೆ ಮಾತ್ರ ನೋಡದೆ ಇರುತ್ತಿದ್ದಳು.

ಆಗಸ್ಟಿನ ಒಂದು ಶನಿವಾರ ಅವಳು ತಡವಾಗಿ ಬಂದಳು. ಮಗುವನ್ನು ಬೆಳಿಗ್ಗೆಯೇ ನನ್ನ ಕೈಗೆ ಬಿಟ್ಟು ಸಂತೆಗೆ ಹೋಗಿದ್ದಳು. ಹೊರಗೆ ಮಳೆ ಹಿಡಿದಿತ್ತು, ತಗಡು ಬಡಿಯುತ್ತಿತ್ತು. ಸುಗಂಧಿ ಬಾಗಿಲಿಗೆ ಬೆನ್ನು ಹಾಕಿ, ಹುಡುಗಿಯ ಜೊತೆ ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಜಲಜಕ್ಕ ಬಾಗಿಲಲ್ಲಿ ನಿಂತು, ಎಲ್ಲ ತಾಯಂದಿರೂ ಕರೆಯುವ ಹಾಗೆ, "ಸುಗಂಧೀ," ಎಂದು ಕೂಗಿದಳು. ಕೂಗಿ ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗಿರಲಿಲ್ಲ. ಕೂಗಿದವಳೇ ಬಗ್ಗಿ ಸೀರೆಯ ಅಂಚು ಹಿಂಡತೊಡಗಿದಳು.

ಮಗು ತಿರುಗಿತು. ಕೈಯಲ್ಲಿ ಮರದ ತುಂಡು ಹಿಡಿದುಕೊಂಡೇ, ಆಟದ ನಡುವೆ ಕರೆದರೆ ಯಾವ ಮಕ್ಕಳಿಗೂ ಬರುವ ಸಿಡುಕಿನಲ್ಲಿ, "ಎಂತ?" ಎಂದಿತು.

ಕಲಿಸುತ್ತಿದ್ದ ಹುಡುಗಿ ಟೀಚರ್ ಕಡೆ ನೋಡಿದಳು. ಟೀಚರ್ ಬೆರಳು ತುಟಿಗಿಟ್ಟು ಸುಮ್ಮನಿರು ಎಂದರು. ಜಲಜಕ್ಕ ಸೀರೆಯ ಅಂಚನ್ನು ಹಿಡಿದಂತೆಯೇ ನಿಂತಿದ್ದಳು. ಸುಮ್ಮನೆ ಕರೆದಿದ್ದಳು, ಅಷ್ಟೆ.

"ಎಂತ ಇಲ್ಲೆ ಮಗಾ," ಎಂದಳು ಕೊನೆಗೆ. "ನೀ ಆಡ್ಕೊ."

ಮಗು ಮತ್ತೆ ಬೆನ್ನು ತಿರುಗಿಸಿತು. ಜಲಜಕ್ಕ ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂತಳು. ಬಹಳ ಹೊತ್ತು ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ದೂರಿದಳು:

"ಕಂಡ್ರ್ಯಾ ಪೂರ್ಣಿ ಅಬ್ಬಿ? ಇಷ್ಟ್ ಸಣ್ಣದಿಪ್ಪುವಾಗ್ಳೇ ನಂಗೆ ಎದುರ್ ಮಾತಾಡುತ್ತ್ ಇದ್."